ಪಾದಗಟ್ಟಿ ತಿರುವಿನ ಹಾರ್ನ್

ನಾನು ಒಂದು ಹಾರ್ನ್. ಮೂಗು ಮುರಿಯಬೇಡಿ. ಯಾವತ್ತಾದರೂ ನಿಮ್ಮ ಬೆನ್ನ ಹಿಂದೆ ಅರಚಿ ಎದೆ ಝಲ್ಲೆನ್ನಿಸಿದವನು ನಾನೇ ಇದ್ದೇನು, ಆದರೆ ಅರಚಿದ್ದು ನನ್ನ ಇಷ್ಟಕ್ಕಲ್ಲ. ಒತ್ತುವವರು ಯಾರೋ, ಬೈಗುಳ ಮಾತ್ರ ನನಗೆ. ಜೀವಮಾನವಿಡೀ ಇದೇ ಆಯಿತು. ಈ ಕಥೆಯನ್ನು ಸಿಟ್ಟಿನಲ್ಲೇ ಹೇಳುತ್ತೇನೆ, ಇವನು ತಣ್ಣಗಾಗಲಿ ಎಂದು ಕಾಯುತ್ತ ಕೂರಬೇಡಿ.

ಹುಟ್ಟಿದ್ದು ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ. ತಗಡಿನ ಬಟ್ಟಲು, ಒಳಗೊಂದು ತಾಮ್ರದ ಸುರುಳಿ, ಅದರ ಮೇಲೆ ತೆಳ್ಳನೆಯ ಉಕ್ಕಿನ ಹಾಳೆ. ಕರೆಂಟು ಬಂದರೆ ಹಾಳೆ ನಡುಗುತ್ತದೆ, ನಾನು ಕೂಗುತ್ತೇನೆ. ಬರದಿದ್ದರೆ ಸುಮ್ಮನಿರುತ್ತೇನೆ. ನನ್ನ ಬದುಕಿನ ವಿದ್ಯೆಯೆಲ್ಲ ಇಷ್ಟೇ. ಇಷ್ಟನ್ನು ಅರ್ಥಮಾಡಿಕೊಳ್ಳಲು ಗೇಣುದ್ದ ತಲೆ ಸಾಕು, ಆದರೂ ನನ್ನ ಪಾಲಿಗೆ ಬಂದವರಿಗೆ ಅದೂ ಆಗಲಿಲ್ಲ.

ಮೊದಲು ನನ್ನನ್ನು ಕೂರಿಸಿದ್ದು ಬೆಳಗಾವಿಯ ಒಬ್ಬ ಎಂಜಿನಿಯರ್ ಸಾಹೇಬರ ಕಾರಿಗೆ. ಅವರು ರಸ್ತೆಯಲ್ಲಿ ನನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಮನೆಯ ಗೇಟಿನ ಮುಂದೆ ಬಂದರೆ ಸಾಕು, ಪೋಂ ಪೋಂ ಪೋಂ! ಕೆಳಗಿಳಿದು ಗೇಟು ತೆಗೆದರೆ ಇವರ ಸೊಂಟ ಮುರಿಯುತ್ತಿತ್ತೇನೋ. ಒಲೆಯ ಮೇಲೆ ಹಾಲಿಟ್ಟ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬರಬೇಕು. ಆಯಮ್ಮ ಗಂಡನ ಮುಖ ನೋಡಿ ನಗುತ್ತಿದ್ದಳು, ನನ್ನ ಕಡೆ ಮಾತ್ರ ಕೊಂದುಬಿಡುವವಳ ಹಾಗೆ ನೋಡುತ್ತಿದ್ದಳು. ನಾನೇನು ಮಾಡಿದ್ದೆ ತಾಯೀ, ಕೇಳಬೇಕಾದವರನ್ನು ಕೇಳಬಾರದೇ?

ಕಾರು ಮುದಿಯಾಗಿ ಹುಬ್ಬಳ್ಳಿಯ ಗುಜರಿ ಸೇರಿತು. ಅಲ್ಲಿ ರಾಶಿಯಿಂದ ನನ್ನನ್ನು ಎತ್ತಿಕೊಂಡವನು ದ್ಯಾಮಣ್ಣ. ಸವದತ್ತಿ ಕಡೆಯವನು, ಊರಿನಿಂದ ಕರಿಯವ್ವನ ಗುಡ್ಡಕ್ಕೆ ಜೀಪಿನಲ್ಲಿ ಭಕ್ತರನ್ನು ಸಾಗಿಸುವವನು. ಬ್ಯಾಟರಿಗೆ ತಂತಿ ಮುಟ್ಟಿಸಿ ಕೂಗಿಸಿ ನೋಡಿ, "ಅಬ್ಬಬ್ಬಾ! ಏನ್ ಗಂಟಲಪಾ ಇದು!" ಅಂದ. ಒಳ್ಳೆಯ ಮಾತು ನಾನು ಕೇಳಿದ್ದು ಅದೇ ಮೊದಲು. ಅವತ್ತೇ ಅವನಿಗೆ ಸೋತುಹೋದೆ.

ಗುಡ್ಡದ ದಾರಿಯಲ್ಲಿ ಪಾದಗಟ್ಟಿ ಎಂಬ ಕುರುಡು ತಿರುವಿದೆ. ಕರಿಯವ್ವನ ಪಾದದ ಗುರುತಿರುವ ಕಲ್ಲುಕಟ್ಟೆ ಅಲ್ಲಿದೆ. ಯಾವ ಗಾಡಿ ಬಂದರೂ ಅಲ್ಲಿ ಉದ್ದಕ್ಕೊಂದು ಹಾರ್ನ್ ಹೊಡೆಯಲೇಬೇಕು. ಅವ್ವನಿಗೆ ಶರಣು ಹೇಳಿದಂತೆಯೂ ಆಯಿತು, ಎದುರಿನವರಿಗೆ ತಿಳಿಸಿದಂತೆಯೂ ಆಯಿತು. ಕಟ್ಟೆಯ ಪಕ್ಕ ಕಾಯಿ ಕರ್ಪೂರ ಮಾರುವವಳು ನೀಲವ್ವ. ಎರಡು ಕಣ್ಣೂ ಕಾಣದ ಮುದುಕಿ. ನೀರಿನ ನಲ್ಲಿ ರಸ್ತೆಯ ಆಚೆ. ಹಾರ್ನ್ ಕೇಳಿದರೆ ನಿಲ್ಲುತ್ತಿದ್ದಳು, ಕೇಳದಿದ್ದರೆ ಕೊಡ ಹೊತ್ತು ದಾಟುತ್ತಿದ್ದಳು. ಎಷ್ಟು ಗಾಡಿ ಓಡಾಡಿದರೂ ನನ್ನ ದನಿ ಅವಳಿಗೆ ಗೊತ್ತು. "ನಮ್ಮ ದ್ಯಾಮಣ್ಣ ಬಂದಾ," ಎಂದು ಬಾಯಗಲಿಸಿ ನಗುತ್ತಿದ್ದಳು. ಅವಳು ನನ್ನನ್ನು ನಂಬಿ ಕಾಲು ಎತ್ತಿಡುತ್ತಿದ್ದಳು ಎಂಬುದು ನೆನಪಿರಲಿ.

ಹೀಗಿರುವಾಗ ದ್ಯಾಮಣ್ಣನ ಹೆಂಡತಿಯ ತಮ್ಮ ಸಿದ್ರಾಮ ಬಂದು ವಕ್ಕರಿಸಿದ. ಕಂಕುಳಲ್ಲಿ ಹೊಸ ಸ್ಟೇರಿಂಗು. ರೇಸಿನ ಕಾರಿಗೆ ಹಾಕುವಂಥದ್ದು, ಚಿಕ್ಕದು, ಕೆಂಪು ಕಪ್ಪು ಚರ್ಮದ ಹೊದಿಕೆ.

"ಮಾವಾ, ನಿನ್ನ ಸ್ಟೇರಿಂಗ್ ಬಂಡಿ ಗಾಲಿ ಇದ್ದಂಗ ಐತಿ. ಇದನ್ನ ಹಾಕು, ಗಾಡಿ ಕಳೆನ ಬ್ಯಾರೆ ಆಗತೈತಿ."

ದ್ಯಾಮಣ್ಣ ಹಲ್ಲು ಕಿರಿದ. ಗ್ಯಾರೇಜಿನ ಯಮನೂರಪ್ಪ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ತಂತಿಯನ್ನೂ ಸರಿಯಾಗಿಯೇ ಜೋಡಿಸಿದ, ಸುಳ್ಳು ಹೇಳಬಾರದು. ಇನ್ನೇನು ನಡುವಿನ ಹಾರ್ನ್ ಬಟನ್ನು ಒತ್ತಿ ಕೂರಿಸಬೇಕು, ಅಷ್ಟರಲ್ಲಿ ಸಿದ್ರಾಮ ಕೈ ಅಡ್ಡ ಹಾಕಿದ. ಕರಿಯವ್ವನ ಭಂಡಾರದ ಪೊಟ್ಟಣ, ಅದೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಅರಿಸಿನ, ಬಟನ್ನಿನ ಕೆಳಗೆ ತುರುಕಿ ಮುಚ್ಚಿಬಿಟ್ಟ. "ಅವ್ವ ಗಾಡಿ ಎದಿಯೊಳಗ ಇರಲಿ," ಅಂದ. ಬಟನ್ನಿನ ಹಿಂದೆ ಎರಡು ಲೋಹದ ತುಂಡು ಒಂದಕ್ಕೊಂದು ಮುಟ್ಟಿದರೆ ಮಾತ್ರ ನನಗೆ ಕರೆಂಟು. ಈಗ ನಡುವೆ ಪ್ಲಾಸ್ಟಿಕ್ಕು ಕೂತಿತ್ತು. ಕಾಯಿ ಒಡೆದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ದ್ಯಾಮಣ್ಣ ಬಟನ್ನು ಒತ್ತಿದ. ನಾನು ಉಸಿರೆತ್ತಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಮೇಲೆ ದಂಡಯಾತ್ರೆ! ಸ್ಟೇರಿಂಗ್ ಬದಲಾದ ಮೇಲೆ ಹಾರ್ನ್ ನಿಂತಿದೆ, ಹಾಗಾದರೆ ಮೊದಲು ಸ್ಟೇರಿಂಗ್ ನೋಡಬೇಕಲ್ಲವೇ? ಉಹುಂ, ಎಲ್ಲರೂ ಬಂದದ್ದು ನನ್ನ ಹತ್ತಿರ. ಯಮನೂರಪ್ಪ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ನನ್ನ ತಲೆಯ ಮೇಲೆ ಕುಟ್ಟಿದ. ಬೆನ್ನಿನ ತಿರುಪನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಗಂಟಲು ಕೆಡಿಸಿದ. ಫ್ಯೂಸು ಕಿತ್ತು ಊದಿ ಮತ್ತೆ ಹಾಕಿದ. ರಿಲೇ ಬದಲಿಸಿದ. ಕೊನೆಗೆ ಬೇಸತ್ತು ಬ್ಯಾಟರಿಯಿಂದ ನೇರ ತಂತಿ ಎಳೆದು ನನಗೆ ಮುಟ್ಟಿಸಿದ. ನಾನು ಇದ್ದಬದ್ದ ಸಿಟ್ಟೆಲ್ಲ ಸೇರಿಸಿ ಕಿರುಚಿದೆ. ಗ್ಯಾರೇಜಿನ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು.

"ಹಾರ್ನ್ ಖಡಕ್ ಐತಿ. ಕಸರು ಬಟನ್ನಿನ್ಯಾಗ ಐತಿ. ಬಿಚ್ಚೂಣು," ಅಂದ ಯಮನೂರಪ್ಪ.

"ಏ, ಕೈ ತಗಿ!" ಸಿದ್ರಾಮ ಹಾರಿಬಿದ್ದ. "ಕಾಯಿ ಒಡದಾಗೇತಿ. ಅವ್ವನ ದರ್ಶನ ಆಗೂತನಕಾ ಅದನ್ನ ಬಿಚ್ಚಂಗಿಲ್ಲ."

ಭಕ್ತರು ಆಗಲೇ ಜೀಪು ತುಂಬಿಕೊಂಡು ಗದ್ದಲ ಮಾಡುತ್ತಿದ್ದರು. ದ್ಯಾಮಣ್ಣ ತಲೆ ಕೆರೆದುಕೊಂಡ. "ಹೋಗ್ಲಿ ಬಿಡು, ಒಂದ ಟ್ರಿಪ್ಪಿಗೆ ಏನಾಗತೈತಿ?" ಅಂದ. "ನಿಮ್ಮ ಮರ್ಜಿ," ಎಂದು ಯಮನೂರಪ್ಪ ಬೀಡಿ ಹಚ್ಚಿದ. ಕಾರಣ ಗೊತ್ತಿದ್ದೂ ಬೀಡಿ ಹಚ್ಚಿದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹತ್ತುವಾಗ ಸಿದ್ರಾಮ ತಿರುವು ತಿರುವಿಗೂ ತಲೆ ಹೊರಗೆ ಹಾಕಿ "ಹೋಯ್, ಸರೀರೋ!" ಎಂದು ಒದರಿದ. ಪಾದಗಟ್ಟಿಯಲ್ಲಿ ನೀಲವ್ವ, "ಯಾರಪಾ ಅದು ಗಂಟಲಾ ಹರಕೊಳ್ಳಾವ?" ಅಂದಳು. ಜೀಪಿನವರೆಲ್ಲ ನಕ್ಕರು. ದರ್ಶನ ಆಯಿತು. ಆಗಲಾದರೂ ಬಿಚ್ಚಬಹುದಿತ್ತು, ಆದರೆ ಹೊಟ್ಟೆ ತುಂಬ ಹೋಳಿಗೆ ಇತ್ತಲ್ಲ, "ಕೆಳಗ ಹೋಗಿ ನೋಡೂಣು" ಅಂದರು.

ಇಳಿಯುವಾಗ ದ್ಯಾಮಣ್ಣ ಎಂದಿನಂತೆ ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟ. ಒದರಬೇಕಾದ ಸಿದ್ರಾಮ ಗೊರಕೆ ಹೊಡೆಯುತ್ತಿದ್ದ. ಗಾಡಿಗೆ ಸದ್ದಿಲ್ಲ, ನನಗೆ ದನಿಯಿಲ್ಲ. ಪಾದಗಟ್ಟಿ ತಿರುಗಿದರೆ ರಸ್ತೆಯ ನಡುವೆ ನೀಲವ್ವ, ತಲೆಯ ಮೇಲೆ ತುಂಬಿದ ಕೊಡ.

ದ್ಯಾಮಣ್ಣ ಬಟನ್ನನ್ನು ಎರಡೂ ಹೆಬ್ಬೆರಳಿನಿಂದ ಅದುಮಿದ. ಬಡಿದ. ಗುದ್ದಿದ. ಜೀಪಿನ ಮೂತಿಯ ಜಾಲರಿಯ ಹಿಂದಿನಿಂದ ನನಗೆ ಅವಳ ಮುಖ ಕಾಣುತ್ತಿತ್ತು, ದೊಡ್ಡದಾಗುತ್ತ ಆಗುತ್ತ ಬರುತ್ತಿತ್ತು. ಒಂದೇ ಒಂದು ಸಲ ಕರೆಂಟು ಬರಲಿ ಎಂದು ಒಳಗೊಳಗೇ ಚೀರಿದೆ. ಬರಲಿಲ್ಲ. ಬ್ರೇಕು ಕಿರುಗುಟ್ಟಿದ್ದು ಕೇಳಿ ಅವಳು ತಿರುಗುವಷ್ಟರಲ್ಲಿ ಬಂಪರು ಅವಳನ್ನು ಕೆಡವಿತು. ಕೊಡ ಉರುಳಿ ಕಂದಕ ಸೇರಿತು. ಕಾಲಿನ ಎಲುಬು ಮುರಿದಿತ್ತು. ಬಿದ್ದಲ್ಲಿಂದಲೇ ಕೈ ಚಾಚಿ ಜಾಲರಿಯನ್ನು ತಡವಿದಳು. ದ್ಯಾಮಣ್ಣ ಓಡಿಬಂದು "ಯವ್ವಾ! ಯವ್ವಾ!" ಎಂದು ಅವಳ ತಲೆ ಹಿಡಿದುಕೊಂಡ.

"ದ್ಯಾಮಣ್ಣಾ? ನೀನಾ?" ಅಂದಳು. "ನಿನ್ನ ಹಾರ್ನ್ ಎಲ್ಲಿ ಹೋಗಿತ್ತೋ?"

ಅವಳನ್ನು ದವಾಖಾನೆಗೆ ಸೇರಿಸಿ ಬಂದ ಮೇಲೆ ಗ್ಯಾರೇಜಿನಲ್ಲಿ ಬಟನ್ನು ಬಿಚ್ಚಿದರು. ಯಮನೂರಪ್ಪ ಪೊಟ್ಟಣವನ್ನು ಎತ್ತಿ ಎಲ್ಲರ ಮುಂದೆ ಹಿಡಿದ. ಸಿದ್ರಾಮ ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡು ಡ್ಯಾಶ್‌ಬೋರ್ಡಿನ ದೇವರ ಫೋಟೋ ಮುಂದೆ ಇಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಈ ಹಾರ್ನ್ ಅಪಶಕುನದ್ದು ಮಾವಾ. ವ್ಯಾಳ್ಯಾಕ್ಕ ಬಾಯಿ ಮುಚ್ಚಿತು. ಕಿತ್ತ ಒಗಿ."

ಕೇಳಿದಿರಾ? ಭಂಡಾರವನ್ನು ಬೈಯಲು ಭಯ, ಸ್ಟೇರಿಂಗನ್ನು ಬೈದರೆ ಅಂದ ಹಾಳು, ತಮ್ಮನ್ನೇ ಬೈದುಕೊಳ್ಳುವ ಎದೆ ಯಾರಿಗಿದೆ? ಸಿಕ್ಕವನು ನಾನು. ಸತ್ಯವನ್ನು ಕಣ್ಣಾರೆ ಕಂಡ ದ್ಯಾಮಣ್ಣನೇ ತನ್ನ ಕೈಯಿಂದ ನನ್ನ ಬೋಲ್ಟು ಬಿಚ್ಚಿ ಹರಿದ ಟೈರುಗಳ ನಡುವೆ ಎಸೆದ. ನನ್ನ ಜಾಗಕ್ಕೆ ಫಳಫಳ ಹೊಳೆಯುವ ಜೋಡಿ ಹಾರ್ನ್ ಬಂತು. ಮುಖದ ತುಂಬ ತುಕ್ಕು ಹಿಡಿಸಿಕೊಂಡು ಅಲ್ಲೇ ಬಿದ್ದಿದ್ದೆ.

ಮುಂದಿನದ್ದನ್ನು ನೀಲವ್ವ ಕಾಯಿ ಕೊಳ್ಳುವವರಿಗೆಲ್ಲ ಹೇಳುತ್ತಾಳೆ, ಹಾಗಾಗಿ ನನಗೂ ಗೊತ್ತು. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ದ್ಯಾಮಣ್ಣ ಅವಳ ಗುಡಿಸಲಿಗೆ ಹೋಗಿ, "ಯವ್ವಾ, ಏನ ಬೇಕು ಕೇಳ," ಅಂದನಂತೆ.

"ಮೊದಲ ಖರೇ ಹೇಳ. ಹಾರ್ನಿಗೆ ಏನಾಗಿತ್ತು?"

ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಮುದುಕಿ ಅಂದದ್ದು ಇಷ್ಟು: "ಅವ್ವನ ಭಂಡಾರ ಹಣಿಗೆ ಹಚ್ಚೂದೋ ಹುಚ್ಚಪ್ಪಾ, ಒದರೂ ಬಾಯಿಗೆ ತುರಕೂದಲ್ಲ. ನನಗ ಮತ್ತೇನೂ ಬ್ಯಾಡ. ಆ ಹಾರ್ನ್ ತಂದ ಕೊಡ. ನಿನಗ ಬ್ಯಾಡಾದ್ರ ನನಗ ಬೇಕು."

ಅವನು ಟೈರಿನ ರಾಶಿ ಕೆದಕಿ ನನ್ನನ್ನು ಹುಡುಕಿ ತಂದ. ಈಗ ನಾನು ನೀಲವ್ವನ ಅಂಗಡಿಯ ಕಂಬದ ಮೇಲಿದ್ದೇನೆ. ಕೆಳಗೆ ಹಳೆಯ ಬ್ಯಾಟರಿ, ಅದನ್ನು ಚಾರ್ಜ್ ಮಾಡಿಸಿ ತರುವುದು ದ್ಯಾಮಣ್ಣನ ಪಾಲಿನ ಕೆಲಸ. ಅವಳ ಕೈಗೆ ಸಿಗುವಂತೆ ಒಂದು ಬಟನ್ನು, ರಸ್ತೆಯ ಮೇಲಿಂದ ತಂತಿ ಎಳೆದು ನಲ್ಲಿಯ ಹತ್ತಿರ ಇನ್ನೊಂದು. ದಾಟಬೇಕೆನಿಸಿದಾಗ ಅವಳು ಒತ್ತುತ್ತಾಳೆ. ನಾನು ಗುಡ್ಡ ನಡುಗುವ ಹಾಗೆ ಅರಚುತ್ತೇನೆ. ಬಸ್ಸು, ಟೆಂಪೊ, ಸಾಹೇಬರ ಕಾರು, ಎಲ್ಲವೂ ನಿಲ್ಲಬೇಕು. ಡ್ರೈವರುಗಳು ನನ್ನನ್ನು ಬೈಯುತ್ತಾರೆ. ಬೈಯಲಿ! ಇಷ್ಟು ವರ್ಷ ಗಾಡಿಗಳ ಪರವಾಗಿ ಜನರ ಮೇಲೆ ಕೂಗಿದೆ, ಈಗ ನೀಲವ್ವನ ಪರವಾಗಿ ಗಾಡಿಗಳ ಮೇಲೆ ಕೂಗುತ್ತೇನೆ.

ದ್ಯಾಮಣ್ಣನ ಜೀಪೂ ಬರುತ್ತದೆ, ಈಗ ಇಳಿಜಾರಿನಲ್ಲೂ ಎಂಜಿನ್ ಗುರುಗುಟ್ಟಿಸಿಕೊಂಡೇ ಬರುತ್ತದೆ. ಅವನು ಬಂದನೆಂದು ಸದ್ದಿನಿಂದಲೇ ತಿಳಿದರೆ ನೀಲವ್ವ ಬಟನ್ನಿನ ಮೇಲಿನ ಕೈಯನ್ನು ಬೇಗ ತೆಗೆಯುವುದಿಲ್ಲ. ನಾನೂ ಒಂದಿಷ್ಟೂ ದನಿ ತಗ್ಗಿಸುವುದಿಲ್ಲ. ಅವಳು ಕೋಲೂರಿಕೊಂಡು, ಕುಂಟುತ್ತ, ಕೊಡದೊಂದಿಗೆ ನಿಧಾನವಾಗಿ ದಾಟುತ್ತಾಳೆ. ಅವನು ಕೆಂಪು ಕಪ್ಪು ಸ್ಟೇರಿಂಗ್ ಹಿಡಿದುಕೊಂಡು, ತಲೆ ಎತ್ತದೆ, ಅವಳು ಆಚೆ ಮುಟ್ಟುವ ತನಕ ಕಾಯುತ್ತಾನೆ.