ತಪಾಸಣೆಗಾರ್ತಿಯ ಹೇಳಿಕೆ

ಹದಿನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದ ಆಕೆಗೆ, ಕೊಳ್ಳಲು ಮನೆ ತೋರಿಸಿದ ಬ್ರೋಕರ್ ಮೇಲೆ ಮೊದಲ ದಿನವೇ ಅನುಮಾನ ಬಂತು.

"ಮನೆ ಗಟ್ಟಿ ಇದೆಯಾ ಅಂತ ತಪಾಸಣೆ ಮಾಡೋಕೆ ನಮ್ಮವರೇ ಒಬ್ರಿದ್ದಾರೆ ಮೇಡಂ. ಅರ್ಧ ಗಂಟೇಲಿ ಮುಗಿಸ್ತಾರೆ."

"ಲೈಸೆನ್ಸ್ ಇದೆಯಾ?"

"ಅವರಿಗೆ ಕಣ್ಣಳತೆ ಸಾಕು."

"ಕಣ್ಣಳತೆ ನಂಬ್ಕೊಂಡು ನಾನು ಬಸ್ಸನ್ನೂ ರಿವರ್ಸ್ ತಗೊಳ್ಳಲ್ಲ" ಎಂದಳು.

ಆಮೇಲೆ ತಾನೇ ನಾಲ್ಕು ಜನ ತಪಾಸಣೆಗಾರರಿಗೆ ಫೋನ್ ಮಾಡಿದಳು. ಇಬ್ಬರು ಲೈಸೆನ್ಸ್ ನಂಬರ್ ಕೇಳಿದ್ದಕ್ಕೇ ಮುನಿಸಿಕೊಂಡರು. ಒಬ್ಬ ತಾರಸಿ ಹತ್ತುವುದಿಲ್ಲವೆಂದ. ನಾಲ್ಕನೆಯವಳು ಐವತ್ತು ದಾಟಿದ ಇಂಜಿನಿಯರ್. ಕೇಳುವ ಮೊದಲೇ ಲೈಸೆನ್ಸ್ ಪ್ರತಿಯನ್ನೂ ಹಳೆಯ ಎರಡು ರಿಪೋರ್ಟುಗಳನ್ನೂ ಕಳಿಸಿ, "ನಾನು ನೋಡುವಾಗ ನೀವೂ ಜೊತೆಗಿರಬೇಕು" ಎಂದಳು. ಬಸ್ಸು ಓಡಿಸುವಾಕೆಯ ಗಂಡ ಟೈಲರ್. ರಿಪೋರ್ಟು ಓದಿ, "ಈಯಮ್ಮ ಗುಂಡಿ ಹೊಲಿಗೇನೂ ಬಿಚ್ಚಿ ನೋಡೋಳು. ಇವರೇ ಇರ್ಲಿ" ಎಂದ.

ತಪಾಸಣೆಯ ದಿನ ಮನೆ ಮಾರುವವನೇ ಬಾಗಿಲು ತೆರೆದ. ಕಟ್ಟಿಸಿದವನೂ ಅವನೇ, ದಪ್ಪ ಆಸಾಮಿ, ಮಾತುಮಾತಿಗೂ ನಗು. ಎರಡು ಗಂಟೆಯಾದರೂ ತಪಾಸಣೆ ಮುಗಿಯದಿದ್ದಾಗ ನಗು ನಿಂತಿತು.

ಕೊನೆಗೆ ತಪಾಸಣೆಗಾರ್ತಿ ಕಾರು ನಿಲ್ಲಿಸುವ ಜಾಗದ ಪಿಲ್ಲರನ್ನು ಸುತ್ತಿಗೆಯಿಂದ ತಟ್ಟಿದಳು. ಪೊಳ್ಳು ಸದ್ದು. ಇನ್ನೊಮ್ಮೆ ತಟ್ಟಿದಾಗ ಅಂಗೈಯಗಲ ಹೊಸ ಪ್ಲಾಸ್ಟರ್ ಉದುರಿತು. ಒಳಗೆ ಬೆರಳು ತೂರುವಷ್ಟು ಬಿರುಕು, ತುಕ್ಕು ತಿಂದ ಸರಳು.

ಅವಳು ಫೋಟೋ ತೆಗೆಯುತ್ತಿದ್ದ ಫೋನನ್ನು ಮಾರುವವನು ಕಿತ್ತು ನೆಲಕ್ಕೆ ಅಪ್ಪಳಿಸಿದ.

"ಪರವಾಗಿಲ್ಲ. ಬರೆಯೋಕೆ ಫೋಟೋನೇ ಬೇಕು ಅಂತಿಲ್ಲ. ಮೇಲೆ ಎರಡು ಸಂಸಾರ ಇದೆ" ಎಂದಳು ಅವಳು.

ಅವನು ಸುತ್ತಿಗೆಯನ್ನೂ ಕಸಿದುಕೊಂಡು ಬೀಸಿದ. ಅವಳ ದವಡೆ ಮುರಿದ ಸದ್ದು ಗೋಡೆಗೆ ಬಡಿದು ವಾಪಸು ಬಂತು. ಅವಳು ಕುಸಿದಳು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವಳ ಬಾಯಿಂದ ರಕ್ತದ ಜೊತೆ ಎರಡು ಹಲ್ಲು ಬಿದ್ದವು.

ಜೊತೆಗಿದ್ದ ಬಸ್ ಡ್ರೈವರ್ ಹಿಂದಿನಿಂದ ನುಗ್ಗಿ ಅವನ ಕೂದಲು ಹಿಡಿದು ತಲೆಯನ್ನು ಪಿಲ್ಲರಿಗೆ ಚಚ್ಚಿದಳು. ಹಣೆ ಸೀಳಿತು, ಸುತ್ತಿಗೆ ಕೈಜಾರಿತು. ಅವನು ಮೊಣಕೈಯಿಂದ ಅವಳ ಮೂಗಿಗೆ ಗುದ್ದಿದ, ಕಣ್ಣು ಕತ್ತಲಿಟ್ಟಿತು. ತಡಕಾಡಿದ ಕೈಗೆ ಸುತ್ತಿಗೆ ಸಿಕ್ಕಿತು. ಮೊದಲ ಏಟಿಗೆ ಅವನ ಮಣಿಕಟ್ಟು ಮುರಿಯಿತು, ಎರಡನೆಯದಕ್ಕೆ ಮಂಡಿ. ಅವನು ಅಂಗಾತ ಬಿದ್ದು ಕೈ ಅಡ್ಡ ಹಿಡಿದು, "ಬಿಡಮ್ಮ, ಸಾಕು" ಎಂದ. ಅವಳು ಬಿಡಲಿಲ್ಲ. ಆ ಕೈಗೇ ಹೊಡೆದಳು. ಭುಜಕ್ಕೆ ಹೊಡೆದಳು. ನೆಲದಲ್ಲಿದ್ದ ತಪಾಸಣೆಗಾರ್ತಿ ತೆವಳಿ ಬಂದು ಪಾದ ಹಿಡಿದು ಎಳೆದಾಗಲೇ ಕೈ ನಿಂತದ್ದು.

ಅವನ ಮೇಲೆ ಕೊಲೆಯತ್ನದ ಕೇಸಾಯಿತು. ಮೇಲಿನ ಎರಡೂ ಸಂಸಾರಗಳನ್ನು ಅಂದೇ ಬೇರೆಡೆ ಕಳಿಸಿದರು.

ದವಡೆಗೆ ತಂತಿ ಬಿಗಿಸಿಕೊಂಡ ತಪಾಸಣೆಗಾರ್ತಿ ಪೊಲೀಸರಿಗೆ ಮೂರು ಪುಟ ಹೇಳಿಕೆ ಬರೆದುಕೊಟ್ಟಳು. ಕೊನೆಯ ಪುಟದಲ್ಲಿ, ಅವನು ಬಿದ್ದು ಬೇಡಿಕೊಂಡ ಮೇಲೂ ಮನೆ ಕೊಳ್ಳಲು ಬಂದಾಕೆ ಒಂದು ಸಲ ಹೊಡೆದರೆಂದು ಇತ್ತು. ಅದರಿಂದ ಡ್ರೈವರ್ ಮೇಲೂ ಕೇಸು ಬಿತ್ತು, ಕೆಲಸದಿಂದ ದೂರವಿಟ್ಟರು.

ಗಂಡ ಕುದಿದುಹೋದ. "ಪ್ರಾಣ ಉಳಿಸಿದವಳ ಮೇಲೇ ಬರೆದ್ಳಲ್ಲ. ಇವಳೆಂಥ ಹೆಂಗಸು?"

ಆಕೆ ಮೂಗಿನ ಮೇಲಿನ ಪಟ್ಟಿಯನ್ನು ಸರಿಮಾಡಿಕೊಂಡಳು.

"ಒಂದಲ್ಲ ಕಣ್ರೀ, ಎರಡು" ಎಂದಳು. "ಇನ್ನೊಂದು ಅವರಿಗೆ ಕಂಡಿಲ್ಲ."

ಮರುದಿನ ಸ್ಟೇಷನ್ನಿಗೆ ಹೋಗಿ ಅದನ್ನೂ ಬರೆಸಿದಳು. ನ್ಯಾಯಾಧೀಶರು ಆಕೆಗೆ ದಂಡ ಹಾಕಿ ಎಚ್ಚರಿಕೆ ಕೊಟ್ಟು ಬಿಟ್ಟರು. ಏಳು ತಿಂಗಳ ಮೇಲೆ ಮತ್ತೆ ಬಸ್ಸು ಸಿಕ್ಕಿತು. ಆದರೆ ಆ ಕೊನೆಯ ಎರಡು ಏಟು ಹೊಡೆಯುವಾಗ ತನಗೆ ಎಷ್ಟು ಹಿತವಾಗಿತ್ತೆಂಬುದನ್ನು ಆಕೆ ಯಾರ ಮುಂದೆಯೂ, ಗಂಡನ ಮುಂದೆಯೂ, ಬಾಯಿಬಿಡಲಿಲ್ಲ.