ಚಿಮಣಿಯ ಬುಡದಲ್ಲಿ

ಕಾಗದದ ಗಿರಣಿಯ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಹಾಕುತ್ತ ಹಾಕುತ್ತಲೇ ಮಾವನ ತಲೆ ನೆರೆಯಿತು. ನಿವೃತ್ತಿಯಾದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಈಗ ಅದೇ ಗಿರಣಿಯ ಚಿಮಣಿಯ ಬುಡದಲ್ಲಿ ಒಂದು ತಗಡಿನ ಶೆಡ್ಡು ಎದ್ದಿತ್ತು. ಅಲ್ಲಿನ ಕೆಲಸಕ್ಕೆ ಅವರ ಸೊಸೆಯೇ ಮುಖ್ಯಸ್ಥೆ. ಹೊಗೆಯೊಳಗಿನ ಇಂಗಾಲದ ಡೈಆಕ್ಸೈಡನ್ನು ಸೋಸಿ ತೆಗೆದು, ಲವಣ ಬೆರೆಸಿದ ನೀರಿನ ಜೊತೆ ಸೆಲ್ ಎಂಬ ಪೆಟ್ಟಿಗೆಗೆ ಬಿಟ್ಟು, ವಿದ್ಯುತ್ ಹರಿಸಿ ಫಾರ್ಮಿಕ್ ಆಮ್ಲ ಮಾಡುವುದು ಅವಳ ಕೆಲಸ. ಚರ್ಮ ಹದ ಮಾಡುವವರಿಗೆ, ರಬ್ಬರ್ ಹಾಲು ಹೆಪ್ಪುಗಟ್ಟಿಸುವವರಿಗೆ ಬೇಕಾಗುವ ಆಮ್ಲ ಅದು.

“ಅಂದ್ರೆ ನಾನು ಜೀವಮಾನವೆಲ್ಲ ಬಿಟ್ಟ ಹೊಗೆನ ನೀನು ಹಿಡಿಯೋಕೆ ಹೊರಟಿದ್ದೀಯ,” ಎಂದರು ಮಾವ, ಊಟಕ್ಕೆ ಕೂತಾಗ.

“ನೀವು ಬಿಟ್ಟಿದ್ದು ಎಲ್ಲಿಗೋ ಹೋಯ್ತು ಮಾವ. ಈಗಿನವರು ಬಿಡೋದನ್ನ ಹಿಡೀತೀನಿ.”

“ಅದಕ್ಕೆ ಕರೆಂಟು ಎಲ್ಲಿಂದ? ಅದೂ ಕಲ್ಲಿದ್ದಲಿಂದ್ಲೇ ಬಂದ್ರೆ ಸುತ್ತಿ ಸುತ್ತಿ ಅಲ್ಲಿಗೇ ಬಂದ ಹಾಗಾಯ್ತಲ್ಲ.”

“ಗೋದಾಮಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿದ್ದಾರೆ.”

“ಹಾಗಾದ್ರೆ ಸರಿ,” ಎಂದು ಮಾವ ಅಪ್ಪಣೆ ಕೊಟ್ಟವರಂತೆ ತಲೆಯಾಡಿಸಿದರು.

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಮಾವನ ಮಗ, ಅವಳ ಗಂಡ, ಕಾಯಿಲೆ ಬಿದ್ದು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಮೇಲೆ ನೀನು ಇಲ್ಲೇ ಇರು ಎಂದು ಅವರು ಹೇಳಲಿಲ್ಲ, ಇರುತ್ತೇನೆ ಎಂದು ಅವಳೂ ಹೇಳಲಿಲ್ಲ. ಬೆಳಿಗ್ಗೆ ಅವಳು ಅನ್ನಕ್ಕಿಟ್ಟರೆ ಅವರು ಪಾತ್ರೆ ತೊಳೆದಿಡುತ್ತಿದ್ದರು. ಹಾಗೇ ನಡೆದುಕೊಂಡು ಬಂದಿತ್ತು.

ಶೆಡ್ಡಿನಲ್ಲಿ ಮಾತ್ರ ಏನೂ ನಡೆಯುತ್ತಿರಲಿಲ್ಲ. ಸೆಲ್ ಶುರುವಾದ ಸ್ವಲ್ಪ ಹೊತ್ತಿಗೇ ಅನಿಲ ಹೋಗುವ ಸಣ್ಣ ಕಾಲುವೆಗಳಲ್ಲಿ ಬಿಳಿ ಉಪ್ಪು ಕಟ್ಟಿಕೊಂಡು ದಾರಿಯೇ ಮುಚ್ಚಿಹೋಗುತ್ತಿತ್ತು. ಎಲ್ಲ ಬಿಚ್ಚಬೇಕು, ತೊಳೆಯಬೇಕು, ಮತ್ತೆ ಜೋಡಿಸಬೇಕು. ಜೊತೆಗೆ ಕೈ ಕೊಡುತ್ತಿದ್ದವನು ಶೆಡ್ಡಿನ ಎಲೆಕ್ಟ್ರಿಷಿಯನ್. ಅವಳ ವಯಸ್ಸಿನವನೇ, ಒಂಟಿ, ಮಾತು ಕಡಿಮೆ. ಅವಳು ನಟ್ಟು ತಿರುಗಿಸಿದರೆ ಅವನು ಆಚೆ ಕಡೆಯ ಬೋಲ್ಟು ಹಿಡಿದಿರುತ್ತಿದ್ದ.

ಒಂದು ಮಧ್ಯಾಹ್ನ ಹಾಗೆ ಹಿಡಿದುಕೊಂಡೇ ಅವನು ಹೇಳಿದ: “ನಿಮ್ಮನ್ನ ಮದುವೆಯಾಗಬೇಕು ಅಂತ ಆಸೆ ಇದೆ. ನೀವು ಇಲ್ಲ ಅಂದ್ರೂ ನಾಳೆ ಬೋಲ್ಟ್ ಹಿಡಿಯೋಕೆ ಬರ್ತೀನಿ, ಅದರ ಚಿಂತೆ ಬೇಡ.”

ಅವಳ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. “ಮನೇಲಿ ಮಾವ ಇದ್ದಾರೆ,” ಎಂದಳು. “ಅವರನ್ನ ಬಿಟ್ಟು ಬರೋಕಾಗಲ್ಲ.”

ಅವನು ಹೂಂ ಎಂದು ಬೋಲ್ಟನ್ನು ಮತ್ತೆ ಬಿಗಿಯಾಗಿ ಹಿಡಿದ.

ಆ ಸಂಜೆ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಮಾವ ಕೇಳಿದರು, ಅವಳು ಮುಚ್ಚಿಡದೆ ಹೇಳಿದಳು. ಮಾವ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದರು. ಮರುದಿನ ಬೆಳಿಗ್ಗೆ ಅವರು ಪಾತ್ರೆ ತೊಳೆಯಲೂ ಬರಲಿಲ್ಲ. ಸಿಟ್ಟು ಬಂದಿರಬೇಕು ಎಂದುಕೊಂಡು ಅವಳು ಭಾರವಾದ ಮನಸ್ಸಿನಿಂದ ಕೆಲಸಕ್ಕೆ ಹೋದಳು.

ಆ ದಿನ ಅವಳು ಹೊಸದೊಂದು ಉಪಾಯ ಮಾಡಿದ್ದಳು. ಉಪ್ಪು ಗಟ್ಟಿಯಾಗುವವರೆಗೆ ಕಾಯದೆ, ಆಗಾಗ ಸ್ವಲ್ಪ ಹೊತ್ತು ವಿದ್ಯುತ್ ನಿಲ್ಲಿಸಿ ಕಾಲುವೆಗಳಿಗೆ ನೀರು ಹಾಯಿಸುವುದು. ಎಲೆಕ್ಟ್ರಿಷಿಯನ್ ಅದಕ್ಕೆ ತಕ್ಕಂತೆ ತಾನಾಗಿಯೇ ಬಿದ್ದು ಏಳುವ ಸ್ವಿಚ್ಚು ಕೂರಿಸಿದ್ದ. ಊಟದ ಹೊತ್ತು ದಾಟಿದರೂ ಸೆಲ್ಲಿನಲ್ಲಿ ಉಪ್ಪು ಕಟ್ಟಿಕೊಳ್ಳಲಿಲ್ಲ. ಕೆಳಗಿನ ಗಾಜಿನ ಪಾತ್ರೆಗೆ ಆಮ್ಲ ಹನಿ ಹನಿಯಾಗಿ ಬೀಳುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದಾಗ ಬಾಗಿಲಲ್ಲಿ ಮಾವ ಕಾಣಿಸಿಕೊಂಡರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

“ಇದೇನು ವಾಸನೆ, ಇರುವೆ ಹೊಸಕಿದ ಹಾಗೆ?” ಎಂದರು.

“ಇದೇ ಮಾವ ಅದು. ಇರುವೆ ಮೈಯಲ್ಲಿರೋದೂ ಇದೇ ಆಮ್ಲ.”

ಮಾವ ಬಗ್ಗಿ ಪಾತ್ರೆ ನೋಡಿದರು. ನೀರಿನ ಹಾಗೆ ತಿಳಿಯಾಗಿತ್ತು. “ಹೊಗೆಯೊಳಗೆ ಇಷ್ಟು ತಿಳಿಯಾದದ್ದು ಇತ್ತು ಅಂತ ನನಗೆ ಯಾರೂ ಹೇಳಿರಲಿಲ್ಲ,” ಎಂದು ಮೆಲ್ಲಗೆ ಹೇಳಿದರು. ಎಲೆಕ್ಟ್ರಿಷಿಯನ್ ಸ್ಟೂಲು ತಂದಿಟ್ಟ. ಮಾವ ಕೂರದೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಡುಗೆ ಬರುತ್ತಾ ನಿಮಗೆ?”

“ಬೇಯಿಸೋಕೆ ಬರುತ್ತೆ. ರುಚಿ ದೇವರಿಚ್ಛೆ.”

ಮಾವ ನಗು ತಡೆದುಕೊಂಡರು. ಸೊಸೆಯನ್ನು ಕರೆದುಕೊಂಡು ಹೊರಗೆ ಗೋಡೆಯ ನೆರಳಿಗೆ ಬಂದರು.

“ಅವರ ಮೇಲೆ ನಿನಗೆ ಮನಸ್ಸಿಲ್ಲ ಅಂದ್ರೆ ಅದು ಬೇರೆ ಮಾತು,” ಎಂದರು. “ಮನಸ್ಸಿದೆಯಾ?”

ಅವಳು ನೆಲ ನೋಡುತ್ತ “ಇದೆ,” ಎಂದಳು.

“ಮತ್ತೆ ನನ್ನ ನೆಪ ಯಾಕೆ ಮಾಡ್ಕೊಂಡೆ? ನನಗದು ಬೇಜಾರಾಯ್ತು ಕಣಮ್ಮ. ನಿನ್ನ ಕಾಲಿಗೆ ನಾನು ತೊಡಕಾದೆ ಅನ್ನಿಸ್ತು.”

“ನೆಪ ಅಲ್ಲ ಮಾವ, ಭಯ,” ಎಂದಳು. “ನಿಮ್ಮ ಮಗ ಹೋದ ಮೇಲೆ ನನಗೆ ನೀವೇ ಉಳಿದದ್ದು. ನಾನು ಇನ್ನೊಬ್ಬರ ಹೆಂಡತಿ ಆದ್ರೆ, ನಿಮಗೆ ಏನಾಗಬೇಕು ನಾನು?”

ಮಾವನಿಗೆ ಮಗನ ನೆನಪಾಗಿತ್ತೋ ಏನೋ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ನಿನಗೆ ನಾನು ಗಂಡನ ಅಪ್ಪ ಅಂತ ಮಾವ. ಅವರಿಗೆ ಹೆಂಡತಿ ಕಡೆ ಹಿರಿಯ ಅಂತ ಮಾವ. ಇಬ್ಬರೂ ಒಂದೇ ಹೆಸರಲ್ಲಿ ಕೂಗಿದ್ರೆ ಆಯ್ತಲ್ಲ. ನಾನು ಮಾತ್ರ ಯಾರು ಕೂಗಿದ್ದು ಅಂತ ತಿರುಗಿ ನೋಡಬೇಕು, ಅಷ್ಟೇ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತರು. ಒಳಗಿನಿಂದ ಎಲೆಕ್ಟ್ರಿಷಿಯನ್ ಇಣುಕಿ, “ಇನ್ನೂ ಬೀಳ್ತಾನೇ ಇದೆ, ಪಾತ್ರೆ ಬದಲಾಯಿಸಲಾ?” ಎಂದು ಕೇಳಿದ.

“ಬದಲಾಯಿಸಿ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. “ಆಮೇಲೆ ಇಲ್ಲಿ ಬನ್ನಿ. ಮಾವ ನಿಮ್ಮ ಹತ್ತಿರ ಮಾತಾಡಬೇಕಂತೆ.”

ಅವನು ಬಂದ. ಮಾವ ಕೇಳುವ ಮೊದಲೇ, “ಅವರಿಗೆ ನಿಮ್ಮನ್ನ ಬಿಟ್ಟು ಬನ್ನಿ ಅಂತ ನಾನು ಹೇಳಿರಲಿಲ್ಲ,” ಎಂದ. “ಇರೋದು ಒಂದು ಬಾಡಿಗೆ ರೂಮು. ನೀವು ಒಪ್ಪಿದ್ರೆ ನಾನೇ ನಿಮ್ಮನೆಗೆ ಬರೋಣ ಅಂತಿದ್ದೆ. ಹೇಗೆ ಹೇಳೋದು ಅಂತ ತಿಳೀಲಿಲ್ಲ.”

ಮದುವೆ ಸದ್ದುಗದ್ದಲವಿಲ್ಲದೆ ನಡೆಯಿತು. ಹೆಣ್ಣಿನ ಕಡೆಯಿಂದ ಸಾಕ್ಷಿ ಹಾಕಿದವರು ಮಾವ. ಶೆಡ್ಡಿನ ಆಮ್ಲವನ್ನು ಒಂದು ಚರ್ಮದ ಕಾರ್ಖಾನೆಯವರು ಪರೀಕ್ಷೆ ಮಾಡಿ ಒಪ್ಪಿಕೊಂಡರು. ಗಿರಣಿಯವರು ಪಕ್ಕದಲ್ಲೇ ಇನ್ನೂ ದೊಡ್ಡ ಸೆಲ್ಲಿಗೆ ಜಾಗ ಬಿಟ್ಟುಕೊಟ್ಟರು.

ಎಲೆಕ್ಟ್ರಿಷಿಯನ್ ಮನೆಗೆ ಬಂದು ಮಾಡಿದ ಮೊದಲ ಕೆಲಸ, ಮಾವನ ಮಂಚದ ಪಕ್ಕಕ್ಕೆ ದೀಪದ ಸ್ವಿಚ್ಚು ಎಳೆದದ್ದು. ಎದ್ದು ಹೋಗಿ ಹಾಕುವಷ್ಟು ಕಾಲಲ್ಲಿ ಕಸುವಿದೆ ಎಂದು ಮಾವ ಗೊಣಗಿದರು. ಅವನು ಅತ್ತ ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಮಲಗಿದಲ್ಲಿಂದಲೇ ಹಗಲಿನಲ್ಲಿ ದೀಪ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಬಾಗಿಲ ಬಳಿ ನಿಂತಿದ್ದ ಸೊಸೆ ನೋಡಿಯೂ ನೋಡದಂತೆ ಅಡುಗೆಮನೆಗೆ ಹೋದಳು.