ಕಾಯುವ ಗಾಡಿ

ಕೀಲಿಯನ್ನು ಅರ್ಧ ತಿರುಗಿಸಿ, ಸ್ಟೀರಿಂಗಿನ ಹಿಂದಿನ ಹಳದಿ ದೀಪ ಆರುವುದನ್ನೇ ನೋಡುತ್ತ ಅವಳು ಕುಳಿತಿದ್ದಳು. ಅದು ಆರುವ ಮೊದಲೇ ಅವಸರಪಟ್ಟರೆ ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ಎಷ್ಟು ಪುಸಲಾಯಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಮುಂದಿನ ಗಾಜಿನ ಮೇಲೆ ಹಿಮ ಪುಡಿಸಕ್ಕರೆಯಂತೆ ಅಂಟಿತ್ತು. ದೀಪ ಆರಿತು. ಕೀಲಿಯನ್ನು ಪೂರ್ತಿ ತಿರುಗಿಸಿದಳು. ಗಾಡಿ ಮೈ ಕೊಡವಿಕೊಂಡು ಎದ್ದು, ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದಂತೆ ಕಟಕಟ ಎನ್ನತೊಡಗಿತು. ಹಿಂದಿನಿಂದ ಎದ್ದ ಬಿಳಿ ಹೊಗೆ ಗೋಡೆ ಹಿಡಿದು ಮೇಲೇರಿತು.

ಅದು ಅವಳ ಗಂಡನ ಶವವಾಹನ. ಪೋಕರಿಗಳು ಅದಕ್ಕೆ ‘ಕೊನೇ ಬಸ್ಸು’ ಎಂದು ಹೆಸರಿಟ್ಟಿದ್ದರು. ಸೀಟು ಹಿಡಿಯಲು ಟವೆಲ್ ಹಾಕಬೇಕಿಲ್ಲ ಎಂದು ನಗುತ್ತಿದ್ದರು. ಬೀದಿ ತಿರುವಿನಲ್ಲಿ ಅದರ ಮೂತಿ ಕಂಡ ಕೂಡಲೇ ನಗು ನುಂಗಿಕೊಳ್ಳುತ್ತಿದ್ದವರೂ ಅವರೇ.

ಕಳೆದ ಚಳಿಗಾಲದಲ್ಲಿ ಗಾಡಿ ಒಂದು ಮನೆಯ ಮುಂದೆ ಸ್ಟಾರ್ಟ್ ಆಗದೆ ಮಾನ ಕಳೆದಿತ್ತು. “ಸತ್ತವರು ಎಷ್ಟು ಹೊತ್ತಾದ್ರೂ ಕಾಯ್ತಾರೆ ಕಣಯ್ಯಾ, ಬದುಕಿರೋ ನಾವು ಈ ಚಳೀಲಿ ಏನು ಮಾಡೋಣ?” ಎಂದು ಸತ್ತವನ ಭಾವಮೈದುನ ಎಲ್ಲರೆದುರು ಹಂಗಿಸಿದ್ದ. ಆ ಮಾತು ಗಂಡನಿಗೆ ಮುಳ್ಳಾಗಿ ನಾಟಿತು. ಈ ವರ್ಷ ಚಳಿ ಶುರುವಾದಾಗಿನಿಂದ, ಕರೆ ಬರಲಿ ಬಿಡಲಿ, ಅವನು ಸ್ನಾನ ಮುಗಿಸುವಷ್ಟರಲ್ಲಿ ಅವಳು ಗಾಡಿ ಕಾಯಿಸಿಡಬೇಕು.

ಮೆಕ್ಯಾನಿಕ್ ಇದು ದಂಡ ಎಂದಿದ್ದ. “ನಿಂತಲ್ಲಿ ಡೀಸೆಲ್ ಎಂಜಿನ್ ಬೇಗ ಬಿಸಿ ಆಗಲ್ಲ ಅಕ್ಕಾ. ಭಾರ ಹೊರಿಸಿ ಓಡಿಸ್ಬೇಕು. ಸೋಮಾರಿ ಗಂಡಸಿನ ಥರ.”

“ನಮ್ಮನೇದು ಭಾರ ಹೊರಿಸಿದ್ರೂ ಬಿಸಿ ಆಗಲ್ಲಪ್ಪ,” ಎಂದು ಅವಳು ನಕ್ಕಿದ್ದಳು.

ಆಗ ಇನ್ನೂ ನಗು ಬರುತ್ತಿತ್ತು. ಆಮೇಲೆ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಗಾಡಿಯ ಬಿಸಿ ತೋರಿಸುವ ಮುಳ್ಳು ಬಹಳ ಹೊತ್ತು ತಳದಲ್ಲೇ ಬಿದ್ದಿರುತ್ತದೆ. ಕೊನೆಗೆ ನಿದ್ದೆಯಿಂದೆದ್ದಂತೆ ಮೆಲ್ಲಗೆ ತಲೆಯೆತ್ತುತ್ತದೆ. ಕಟಕಟ ಸದ್ದು ಮೆತ್ತಗಾಗಿ ಗುರುಗುಡುತ್ತದೆ. ಆಗಲೇ ಮನೆಯೊಳಗೆ ಫೋನು ಬಡಿದುಕೊಳ್ಳುತ್ತದೆ, ಎಲ್ಲೋ ಯಾರೋ ಸತ್ತಿರುತ್ತಾರೆ. ಮೊದಮೊದಲು ಅವಳು ಅದಕ್ಕೆ ಬೆಲೆ ಕೊಡಲಿಲ್ಲ. ಚಳಿಗೆ ಹಣ್ಣೆಲೆ ಉದುರುವುದು ಹೊಸದೇನಲ್ಲ. ಆದರೆ ನಡುವೆ ಜ್ವರ ಬಂದು ಅವಳು ಹಾಸಿಗೆ ಹಿಡಿದಳು, ಗಾಡಿ ಕಾಯಿಸುವವರಿರಲಿಲ್ಲ. ಅವಳು ಏಳುವವರೆಗೆ ಒಂದೇ ಒಂದು ಕರೆ ಬರಲಿಲ್ಲ.

ಜ್ವರ ಬಿಟ್ಟ ದಿನ ನಡುಗುತ್ತಲೇ ಹೋಗಿ ಕುಳಿತಳು. ಎದುರುಮನೆಯ ದರ್ಜಿ ಬಾಗಿಲು ತೆರೆದು, ಬಿಸಿ ಲೋಟವನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದ.

“ಏನಮ್ಮಾ, ಹುಷಾರಾದ್ಯಾ? ಬೆಳಗ್ಗೆ ಬೆಳಗ್ಗೇನೇ ಏನು?”

“ಏನಿಲ್ಲ ಮಾವ, ಗಾಡಿ ಕಾಯ್ತಾ ಇದೆ.”

“ಯಾರನ್ನ?” ಎಂದು ದರ್ಜಿ ತನ್ನ ಮಾತಿಗೆ ತಾನೇ ನಕ್ಕು ಒಳಗೆ ಹೋದ.

ಮುಳ್ಳು ತಲೆಯೆತ್ತಿತು. ಆ ದಿನ ಫೋನು ಮಾಡುವ ಅಗತ್ಯವೂ ಬೀಳಲಿಲ್ಲ. ದರ್ಜಿಯ ಸೊಸೆ ಬರಿಗಾಲಲ್ಲಿ ಬೀದಿ ದಾಟಿ ಓಡಿಬಂದಳು.

ಇದು ಕಳೆದ ವಾರದ ಮಾತು. ಇವತ್ತು ಎಂಜಿನ್ನನ್ನು ಅದರ ಪಾಡಿಗೆ ಬಿಟ್ಟು ಅವಳು ಒಳಗೆ ಬಂದಳು. ಅತ್ತೆಯ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅತ್ತೆ ಸೊಂಟ ಬಿದ್ದು ಮಲಗಿ ವರ್ಷಗಳೇ ಆಗಿದ್ದವು. ನಾಲಿಗೆ ಮಾತ್ರ ಎದ್ದು ಓಡಾಡುತ್ತಿತ್ತು. ಅವರ ಮಂಚ ಅಂಗಳದ ಕಡೆಯ ಗೋಡೆಗೆ ತಾಗಿತ್ತು. ಗೋಡೆಯ ಆಚೆಗೇ ಗಾಡಿ. ಎಂಜಿನ್ನಿನ ನಡುಕಕ್ಕೆ ಕಿಟಕಿಯ ಮೇಲಿಟ್ಟ ಔಷಧಿ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

“ಸದ್ದು ಮೆತ್ತಗಾಯ್ತು,” ಎಂದರು ಅತ್ತೆ. “ಈಗ ಫೋನ್ ಬರುತ್ತೆ ನೋಡು.”

ಬಂತು. ಪಡಸಾಲೆಯಲ್ಲಿ ಗಂಡ ವಿಳಾಸ ಕೇಳಿಕೊಳ್ಳುವುದು, ಬಾಗಿಲು ಎಳೆದುಕೊಳ್ಳುವುದು, ಗಾಡಿ ಗೇಟು ದಾಟುವುದು ಕೇಳಿಸಿತು. ಬಾಟಲಿಗಳು ಸುಮ್ಮನಾದವು. ಅವಳ ಕೈ ಅತ್ತೆಯ ಬೆನ್ನಿನ ಮೇಲೇ ನಿಂತುಬಿಟ್ಟಿತ್ತು.

“ನಿಮಗೂ ಗೊತ್ತಾ ಅತ್ತೆ?”

“ಗೊತ್ತಿಲ್ದೆ ಏನು? ನಿನ್ನ ಮಾವನೂ ಇದೇ ಗಾಡಿ ಕೆಲಸ ತಾನೇ ಮಾಡಿದ್ದು. ಎಂಥಾ ಚಳಿಯಲ್ಲೂ ಕರೆ ಬರೋ ಮುಂಚೆ ಸ್ಟಾರ್ಟ್ ಮಾಡ್ತಿರಲಿಲ್ಲ. ಬಾಗಿಲು ತೆಗೆದಿಟ್ಕೊಂಡು ಕೂತ್ರೆ ಯಾರಾದ್ರೂ ಬರಲೇಬೇಕಲ್ವೇನೇ ಅನ್ನೋರು.”

“ಮತ್ತೆ ಇವರಿಗೆ ಹೇಳೋದಲ್ವಾ?”

“ಹೇಳಿದ್ರೆ ನಿಲ್ಲಿಸ್ಬಿಡ್ತಾನೆ. ನಾನು ದಿನಾ, ಇವತ್ತು ನನ್ನ ಪಾಳಿ, ಇವತ್ತು ನನ್ನ ಪಾಳಿ ಅಂತ ಕಿವಿ ಕೊಟ್ಟು ಮಲಗಿರ್ತೀನಿ. ಪ್ರತಿ ಸಲ ಯಾರೋ ಮುಂದೆ ನುಗ್ತಾರೆ. ಸಾಲಲ್ಲಿ ನಿಲ್ಲೋ ಮರ್ಯಾದೇನೇ ಇಲ್ಲ ಈ ಜನಕ್ಕೆ.” ಅತ್ತೆ ನಗಲು ಹೋಗಿ ನೋವಿಗೆ ಮುಖ ಹಿಂಡಿದರು. ಸುಧಾರಿಸಿಕೊಂಡ ಮೇಲೆ ದನಿ ತಗ್ಗಿತ್ತು. “ನಾಳೆ ಕಾಯಿಸುವಾಗ ನನ್ನನ್ನ ನೆನೆಸ್ಕೋ. ದರ್ಜಿ ಹೋದ ದಿನ ನೀನು ಅವನ ಜೊತೆ ಮಾತಾಡಿದ್ದು ನಂಗೆ ಇಲ್ಲಿಗೆ ಕೇಳಿಸ್ತು. ಗಾಡಿಗೆ ಯಾರ ವಿಳಾಸ ಅಂತ ಗೊತ್ತಾಗ್ಬೇಕು ಕಣೇ, ಅಷ್ಟೇ. ನನ್ನ ಮಗನ ಕೈಯಲ್ಲಿ ಬೇಡ. ನೀನೇ ಮಾಡು.”

ಅವಳು ಅತ್ತೆಯ ಹೊದಿಕೆ ಸರಿಮಾಡಿದಳು. ಹಿಂದಿನ ಮುಂಜಾನೆಗಳನ್ನು ಒಂದೊಂದಾಗಿ ಕೆದಕದೆ ಇರಲಾಗಲಿಲ್ಲ. ಶಾಲೆಯ ಹಳೆಯ ಜವಾನ ಹೋದ ದಿನ ಅವನ ಕೆಮ್ಮು ನೆನಪಾಗಿತ್ತೆ? ಬೇಕರಿಯವಳ ತಾಯಿ? ಸ್ಟೀರಿಂಗಿನ ಮುಂದೆ ಕೂತವಳಿಗೆ ಏನೇನೋ ನೆನಪಾಗುತ್ತದೆ, ಯಾರು ಲೆಕ್ಕ ಇಡುತ್ತಾರೆ?

ಮರುದಿನ ಇನ್ನೂ ಬಿಗಿ ಚಳಿ. ಗಾಡಿಯ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು, ಎಳೆದಾಗ ಬಟ್ಟೆ ಹರಿದಂಥ ಸದ್ದು ಮಾಡಿತು. ಕುಳಿತು ಕೀಲಿಯನ್ನು ಅರ್ಧ ತಿರುಗಿಸಿದಳು. ದೀಪ ಹತ್ತಿತು. ಯಾರನ್ನೂ ನೆನೆಯಬಾರದೆಂದು ಗೋಡೆಯ ಗಾರೆಯನ್ನೇ ನೋಡಿದಳು. ಆದರೆ ಗೋಡೆಯ ಆಚೆ ಅತ್ತೆ ಕಿವಿ ಕೊಟ್ಟು ಮಲಗಿದ್ದರು. ಬೇಡವೆಂದಷ್ಟೂ ಮನಸ್ಸು ಅಲ್ಲಿಗೇ ಹರಿಯಿತು. ಮುದುಕಿಯ ನೋವಿನತ್ತ ಹರಿದಿದ್ದರೆ ಹೇಗೋ ಒಪ್ಪಿಕೊಳ್ಳಬಹುದಿತ್ತು. ಅದು ಹೋದದ್ದು ಖಾಲಿ ಮಂಚಕ್ಕೆ. ಮಂಚ ಮಡಚಿಯಾಗಿತ್ತು, ಕಿಟಕಿ ತೆರೆದಿತ್ತು, ಗೋಡೆಗೆ ತೆಳು ಹಸಿರು ಬಣ್ಣ ಬಳಿದಾಗಿತ್ತು, ಅದೇ ಕೋಣೆಯಲ್ಲಿ ಅವಳು ಕೈಕಾಲು ಚಾಚಿ ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದಳು. ಹಸಿರು ಎಂದು ತಾನು ಯಾವಾಗ ಗೊತ್ತುಮಾಡಿದೆ? ಅದು ನಿನ್ನೆ ಮೊನ್ನೆ ಹುಟ್ಟಿದ ಆಸೆಯಲ್ಲ. ಅತ್ತೆ ಬಾಯಿಬಿಟ್ಟು ಕೇಳುವ ಎಷ್ಟೋ ಮೊದಲೇ ಅವಳು ಒಳಗೊಳಗೇ ಗಾಡಿ ಕಾಯಿಸುತ್ತ ಬಂದಿದ್ದಳು.

ದೀಪ ಆರಿತು. ಅವಳ ಬೆರಳು ಕೀಲಿಯ ಮೇಲೆ ಮರಗಟ್ಟಿತ್ತು. ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ತೆಗೆದು, ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

“ಗಾಡಿ ಕಾಯ್ತೇನೇ?” ಬಚ್ಚಲ ಬಾಗಿಲ ಸಂದಿಯಿಂದ, ನೀರಿನ ಸದ್ದಿನ ನಡುವೆ ಗಂಡ ಕೂಗಿದ.

“ಹೂಂ, ಕಾಯ್ತು.”

ಕರೆ ಬರದಿದ್ದರೆ ಈ ಸುಳ್ಳು ಯಾರ ಕೈಗೂ ಸಿಗುವುದಿಲ್ಲ. ಬಂದರೆ ಗಂಡ ಬೈಯುತ್ತಾನೆ, ಇನ್ನೊಬ್ಬ ಭಾವಮೈದುನ ಹಂಗಿಸುತ್ತಾನೆ, ನಾಲ್ಕು ಜನ ಹೊಸ್ತಿಲಲ್ಲಿ ನಡುಗುತ್ತಾರೆ. ನಡುಗಲಿ. ಈ ಚಳಿಗಾಲ ಮುಗಿಯುವವರೆಗೆ, ಮುಂದಿನದರಲ್ಲೂ, ಕರೆ ಬರುವ ಮುನ್ನ ಕೀಲಿ ತಿರುಗಿಸುವುದಿಲ್ಲ ಎಂದು ಅವಳು ನಿಶ್ಚಯಿಸಿಕೊಂಡಳು. ಯಾಕೆಂದು ಗಂಡನಿಗೂ ಹೇಳುವಂತಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ.

ಒಳಗೆ ಅತ್ತೆ ಕಣ್ಣು ತೆರೆದೇ ಮಲಗಿದ್ದರು.

“ಇವತ್ತು ಸದ್ದೇ ಕೇಳಿಸ್ಲಿಲ್ವಲ್ಲೇ?”

“ಆಗಲೇ ಆಯ್ತು ಅತ್ತೆ. ನಿಮಗೆ ಜೋಂಪು ಹತ್ತಿತ್ತು,” ಎಂದಳು. ಅತ್ತೆ ಅವಳ ಮುಖವನ್ನೇ ಬಹಳ ಹೊತ್ತು ನೋಡಿದರು. ಅವಳು ಆ ನೋಟಕ್ಕೆ ಸಿಗದಂತೆ ಬಾಗಿ, ಅವರ ಹೆಗಲ ಕೆಳಗೆ ಎರಡೂ ಕೈ ತೂರಿಸಿ, ಮಗ್ಗುಲು ಬದಲಿಸಿದಳು.